ಬೆಲ್ಟ್ ಒದರಿದರೆ ಬರೀ ಬಿಗಿ ಮಾಡಿಸಿ ಬಿಡಬೇಡಿ

ಟೊಂಗೆ ಪುಡಿ ಮಾಡುವ ಚಿಪ್ಪರ್ ಇಟ್ಟುಕೊಂಡವರು, ಬಾಡಿಗೆಗೆ ತರುವವರು ಇದನ್ನು ದಯವಿಟ್ಟು ಪೂರ್ತಿ ಓದಿ. ಧಾರವಾಡದ ಸುತ್ತ ಮಾವು ಮುಗಿದ ಮೇಲೆ ಮರ ಸವರುವ ಕೆಲಸ ಶುರುವಾಗುತ್ತದೆ. ಸವರಿದ್ದಕ್ಕೆ ಬೆಂಕಿ ಹಚ್ಚುವ ಬದಲು ಪುಡಿ ಮಾಡಿ ಮರದ ಸುತ್ತ ಹಾಕುವುದು ಒಳ್ಳೆಯ ಕೆಲಸ. ಅದಕ್ಕೇ ನಾವೂ ಈ ಯಂತ್ರ ತಂದದ್ದು. ಆದರೆ ಬೆಲ್ಟ್ ವಿಷಯದಲ್ಲಿ ರಿಪೇರಿಗೆ ಬಂದವರು "ಏನೂ ಆಗಂಗಿಲ್ಲ" ಅಂದರೆ ಒಪ್ಪಿಕೊಳ್ಳಬೇಡಿ.

ಕೆಲಗೇರಿ ಕಡೆ ನಮ್ಮ ಸೋದರಮಾವನ ತೋಟವಿದೆ. ಅವರದು ಡೀಸೆಲ್ ಇಂಜಿನ್ನಿನ ಚಿಪ್ಪರ್. ಇಂಜಿನ್ ಪುಲ್ಲಿಯಿಂದ ಬ್ಲೇಡ್ ಇರುವ ಡ್ರಮ್ಮಿನ ಪುಲ್ಲಿಗೆ ಮೂರು ವಿ-ಬೆಲ್ಟ್, ಅಂದರೆ ಮೇಲೆ ಅಗಲ, ಕೆಳಗೆ ಕಿರಿದು ಇರುವ ರಬ್ಬರ್ ಬೆಲ್ಟ್. ದಪ್ಪ ಟೊಂಗೆ ಕೊಟ್ಟಾಗ ಕಿರ್ ಅಂತ ಒದರುತ್ತಿತ್ತು, ಸುಟ್ಟ ರಬ್ಬರಿನ ವಾಸನೆ ಬರುತ್ತಿತ್ತು. ಹುಬ್ಬಳ್ಳಿಯ ಒಂದು ರಿಪೇರಿ ಅಂಗಡಿಯಿಂದ ಫಿಟ್ಟರ್ ಹುಡುಗ ಬಂದ. ಮೂರರಲ್ಲಿ ಒಂದು ಬೆಲ್ಟ್ ಸೀಳಿತ್ತು. ಅದೊಂದನ್ನೇ ಬದಲಿಸಿದ. ಅದೂ ಇಂಜಿನ್ ಬೋಲ್ಟ್ ಸಡಿಲ ಮಾಡಿ ಡ್ರಮ್ಮಿನ ಕಡೆ ಸರಿಸಲಿಲ್ಲ. ಪುಲ್ಲಿಯ ಅಂಚಿಗೆ ಸ್ಕ್ರೂಡ್ರೈವರ್ ಕೊಟ್ಟು ಮೀಟಿ ಏರಿಸಿಬಿಟ್ಟ.

"ಮೂರೂ ಬದಲಿಸೋದು ಬ್ಯಾಡೇನಪಾ?" ಅಂತ ಮಾವ ಕೇಳಿದರು.

"ಸುಮ್ನೆ ಯಾಕ ರೊಕ್ಕ ಹಾಳ ಮಾಡ್ತೀರಿ ಕಾಕಾ? ಉಳಿದ ಎರಡೂ ಗಟ್ಟಿ ಅದಾವ. ಬಿಗಿ ಮಾಡಿ ಕೊಡ್ತೀನಿ, ಇನ್ನ ಒದರಂಗಿಲ್ಲ."

ಆಮೇಲೆ ಇಂಜಿನ್ ಹಿಂದೆ ಜಗ್ಗಿ, ಪಾನಾದಿಂದ ಆದಷ್ಟೂ ಬಿಗಿ ಮಾಡಿದ. ಬೆಲ್ಟಿನ ಕವರ್ ಹಾಕದೆ ಬೇಲಿ ಪಕ್ಕ ಇಟ್ಟು ಹೊರಟ. ಮಾವ ಅವನನ್ನು ಕರೆದು ಎಲ್ಲಾ ಬೋಲ್ಟ್ ಕೂಡಿಸಿ ಹಾಕಿಸಿದರು. ಅಷ್ಟು ಮಾಡಿಸಿದ್ದೇ ಒಬ್ಬರ ಜೀವ ಉಳಿಸಿತು.

ಬೆಲ್ಟ್ ಒದರುವುದು ನಿಂತಿತು, ನಿಜ. ಅದರ ಬದಲು ಡ್ರಮ್ಮಿನ ಬೇರಿಂಗ್ ಕಾಯತೊಡಗಿತು. ಗ್ರೀಸ್ ಕರಗಿ ಕಪ್ಪಾಗಿ ಹೊರಗೆ ಸೋರಿತ್ತು. ಇಂಜಿನ್ ಬಂದ್ ಮಾಡಿಸಿ ಅಂಗಡಿಗೆ ಫೋನ್ ಮಾಡಿದರೆ, "ಹೊಸ ಬೆಲ್ಟ್ ಅಲ್ರೀ, ಸ್ವಲ್ಪ ದಿನ ಹಂಗ ಇರ್ತದ, ನಡಸ್ರಿ" ಅಂದರು. ನಡೆಸಿದರು. ಬೇರಿಂಗ್ ಜಾಮ್ ಆಯಿತು, ಶಾಫ್ಟ್ ಮೇಲೆ ಗೆರೆ ಬಿತ್ತು, ಹೊಸ ಬೆಲ್ಟ್ ಅಲ್ಲೇ ಹರಿಯಿತು. ಹರಿದ ತುಂಡು ಕವರಿಗೆ ಬಡಿದ ಸಪ್ಪಳ ಮನೆವರೆಗೂ ಕೇಳಿಸಿತು. ಆಮೇಲೆ ನೋಡಿದರೆ ಕವರಿನ ತಗಡು ಒಳಗಿನಿಂದ ಹೊರಕ್ಕೆ ಉಬ್ಬಿತ್ತು. ಟೊಂಗೆ ಕೊಡುತ್ತಿದ್ದ ಆಳು ನಿಂತಿದ್ದು ಸರಿಯಾಗಿ ಅದೇ ಪಕ್ಕಕ್ಕೆ. ಇದನ್ನು ನೆನೆಸಿಕೊಂಡರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ನಿಜವಾದ ಕಾರಣ ಹೇಳಿದವರು ಲಕಮನಹಳ್ಳಿಯಲ್ಲಿ ಲೇಥ್ ಇಟ್ಟುಕೊಂಡ ಹಿರಿಯ ಮೇಸ್ತ್ರಿ. ಹಳೆ ಬೆಲ್ಟ್ ಎರಡನ್ನೂ ಕೈಯಲ್ಲಿ ಹಿಡಿದು ಬದಿ ತೋರಿಸಿದರು. ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಬೆಲ್ಟ್ ಜಾರಿ ಜಾರಿ ಬಿಸಿಯಾಗಿ ರಬ್ಬರ್ ಗಡಸಾಗಿ ಹೋಗಿದೆ, ಇನ್ನು ಇದು ಎಷ್ಟು ಬಿಗಿ ಮಾಡಿದರೂ ಹಿಡಿಯುವುದಿಲ್ಲ ಅಂದರು. ಆಮೇಲೆ ಇಂಜಿನ್ ಪುಲ್ಲಿಯಲ್ಲಿ ಬೆಲ್ಟ್ ಕೂಡುವ ತೋಡಿನೊಳಗೆ ಹೊಸ ಬೆಲ್ಟಿನ ತುಂಡು ಕೂಡಿಸಿ ಹಿಂದಿನಿಂದ ಬ್ಯಾಟರಿ ಹಿಡಿದರು. ಎರಡೂ ಬದಿಗೆ ಸಣ್ಣಗೆ ಬೆಳಕು ಕಂಡಿತು. ತೋಡಿನ ಗೋಡೆ ನಡುವೆ ತಗ್ಗಾಗಿ ಸವೆದಿತ್ತು, ತಳ ಉಜ್ಜಿ ಮಿಂಚುತ್ತಿತ್ತು. ವಿ-ಬೆಲ್ಟ್ ಹಿಡಿಯುವುದು ಎರಡು ಬದಿಯಿಂದ. ತಳ ಪುಲ್ಲಿಗೆ ತಾಗಿತು ಅಂದರೆ ಹಿಡಿತ ಹೋಯಿತು ಅಂತಲೇ ಅರ್ಥ. ಅಂಥ ಪುಲ್ಲಿಗೆ ಎಷ್ಟು ಒಳ್ಳೆ ಬೆಲ್ಟ್ ಹಾಕಿದರೂ ದಂಡ. ಮೇಲಾಗಿ ಬ್ಲೇಡ್ ಮೊಂಡಾಗಿದ್ದವು. ಮೊಂಡ ಬ್ಲೇಡ್ ಟೊಂಗೆಯನ್ನು ಕತ್ತರಿಸುವುದಿಲ್ಲ, ಜಜ್ಜುತ್ತದೆ. ಆ ಭಾರವೆಲ್ಲ ಬೆಲ್ಟಿನ ಮೇಲೇ ಬೀಳುತ್ತದೆ, ಅಲ್ವಾ? ಆ ಹುಡುಗ ಇದ್ಯಾವುದನ್ನೂ ನೋಡಿರಲಿಲ್ಲ.

ಒಂದೇ ಬೆಲ್ಟ್ ಬದಲಿಸಿದ್ದು ಯಾಕೆ ತಪ್ಪು ಅಂತಲೂ ಹೇಳಿದರು. ಓಡಿದ ಬೆಲ್ಟ್ ಹಿಗ್ಗಿರುತ್ತದೆ, ಹೊಸದು ಗಿಡ್ಡ ಇರುತ್ತದೆ. ಮೂರನ್ನೂ ಒಂದೇ ಸಲ ಜಗ್ಗಿದಾಗ ಹೊಸದೊಂದೇ ಭಾರ ಹೊರುತ್ತದೆ, ಹಳೆಯವು ಸಡಿಲವಾಗಿ ಜಾರುತ್ತವೆ. ಹಾಗಾಗಿ ಬದಲಿಸಿದರೆ ಒಂದೇ ಕಂಪನಿಯ ಪೂರ್ತಿ ಸೆಟ್ ಬದಲಿಸಿ. ಖರ್ಚು ಜಾಸ್ತಿ ಅನ್ನಿಸಬಹುದು. ನಮಗೆ ಬೇರಿಂಗ್, ಶಾಫ್ಟ್, ಪುಲ್ಲಿ ಮೂರಕ್ಕೂ ಕೊಡಬೇಕಾಯಿತು. ಬೆಲ್ಟಿನ ಖರ್ಚು ಅದರ ಮುಂದೆ ಏನೂ ಅಲ್ಲ. ಮೀಟಿ ಏರಿಸಿದರೆ ಒಳಗಿನ ಎಳೆಗಳು ಹರಿಯುತ್ತವೆ. ಮೇಲಿನಿಂದ ಏನೂ ಕಾಣುವುದಿಲ್ಲ.

ಬಿಗಿ ಎಷ್ಟಿರಬೇಕು? ಎರಡು ಪುಲ್ಲಿಗಳ ನಡುವೆ ಬೆಲ್ಟಿನ ಮಧ್ಯಕ್ಕೆ ಒತ್ತಿ ನೋಡಬೇಕು. ನಡುವಿನ ಅಂತರ ಒಂದು ಮೀಟರ್ ಇದ್ದರೆ ಸುಮಾರು 16 ಮಿಲಿಮೀಟರ್, ಅರ್ಧ ಮೀಟರ್ ಇದ್ದರೆ ಸುಮಾರು 8 ಮಿಲಿಮೀಟರ್ ತಗ್ಗಬೇಕು. ಎಷ್ಟು ಜೋರಿನಿಂದ ಒತ್ತಬೇಕು ಅನ್ನುವುದು ಯಂತ್ರದ ಪುಸ್ತಕದಲ್ಲಿ ಇರುತ್ತದೆ, ಅದರಂತೆ ಮಾಡಿ. ಒತ್ತಿದರೆ ಅಲುಗದ ಹಾಗೆ ಬಿಗಿ ಮಾಡಿ "ಗಟ್ಟಿ ಆತು ನೋಡ್ರಿ" ಅಂತ ತೋರಿಸುವ ಫಿಟ್ಟರ್ ನಿಮ್ಮ ಬೇರಿಂಗ್ ತಿನ್ನುತ್ತಾನೆ. ಹೊಸ ಬೆಲ್ಟ್ ಮೊದಲ ಕೆಲವು ಗಂಟೆಯಲ್ಲೇ ಹಿಗ್ಗಿ ಕೂಡುತ್ತದೆ. ಆಗ ಇನ್ನೊಮ್ಮೆ ಅಳೆದು ಸರಿ ಮಾಡಬೇಕು. "ಮತ್ತೆ ಯಾವಾಗ ಬಂದು ನೋಡ್ತೀಯಪ್ಪಾ?" ಅಂತ ಮೊದಲೇ ಕೇಳಿ.

ಪುಲ್ಲಿಗಳು ಒಂದೇ ಸಾಲಿನಲ್ಲಿವೆಯೋ ಅಂತಲೂ ನಿಮ್ಮೆದುರೇ ನೋಡಿಸಿ. ಪುಲ್ಲಿಗಳ ಮುಖದ ಮೇಲೆ ದಾರ ಜಗ್ಗಿ ಹಿಡಿದರೆ ನಾಲ್ಕೂ ಕಡೆ ತಾಗಬೇಕು. ಇಂಜಿನ್ ಹಿಂದೆ ಸರಿಸುವಾಗ ಒಂದು ಬದಿ ಜಾಸ್ತಿ ಸರಿದರೆ ಬೆಲ್ಟ್ ಸೊಟ್ಟ ಓಡಿ ಒಂದೇ ಬದಿ ಸವೆಯುತ್ತದೆ. ಕವರ್ ಒಳಗೆ ಕಪ್ಪು ಪುಡಿ ಬಿದ್ದಿದ್ದರೆ ಬೆಲ್ಟ್ ತಿನ್ನಿಸಿಕೊಳ್ಳುತ್ತಿದೆ ಅಂತ ಗೊತ್ತಾಗುತ್ತದೆ. ಜಾರುವ ಬೆಲ್ಟಿಗೆ ರಾಳದ ಪುಡಿ ಹಾಕಿ ಅನ್ನುವವರೂ ಇದ್ದಾರೆ. ಬೇಡ. ಎರಡು ದಿನ ಹಿಡಿದಂತೆ ಅನ್ನಿಸುತ್ತದೆ, ಧೂಳು ಅಂಟಿ ಮೊದಲಿಗಿಂತ ಬೇಗ ಹಾಳಾಗುತ್ತದೆ.

ಇನ್ನೊಂದು ಮಾತು, ಇದು ಎಲ್ಲಕ್ಕಿಂತ ಮುಖ್ಯ. ಇಂಜಿನ್ ಬಂದ್ ಆದ ಕೂಡಲೇ ಡ್ರಮ್ ನಿಲ್ಲುವುದಿಲ್ಲ. ಭಾರಿ ಕಬ್ಬಿಣ, ತನ್ನ ಜೋರಿಗೆ ಬಹಳ ಹೊತ್ತು ತಿರುಗುತ್ತಲೇ ಇರುತ್ತದೆ. ಅದು ಪೂರ್ತಿ ನಿಂತದ್ದನ್ನು ಕಣ್ಣಾರೆ ನೋಡುವ ತನಕ ಕವರಿನ ಬೋಲ್ಟ್ ಮುಟ್ಟಲು ಯಾರಿಗೂ ಬಿಡಬೇಡಿ. ಕೀಲಿ ಇದ್ದರೆ ತೆಗೆದು ಜೇಬಿನಲ್ಲಿಟ್ಟುಕೊಳ್ಳಿ. ಟ್ರ್ಯಾಕ್ಟರಿನಿಂದ ಓಡುವುದಾದರೆ ಟ್ರ್ಯಾಕ್ಟರ್ ಬಂದ್ ಮಾಡಿ ಅದರಿಂದ ಚಿಪ್ಪರಿಗೆ ಬರುವ ಶಾಫ್ಟ್ ಬಿಚ್ಚಿಸಿ. ಕೈಯಿಂದ ಬೆಲ್ಟ್ ತಿರುಗಿಸಿದರೂ ಬ್ಲೇಡ್ ತಿರುಗುತ್ತದೆ, ಬೆಲ್ಟ್ ಮತ್ತು ಪುಲ್ಲಿಯ ನಡುವೆ ಬೆರಳು ಸಿಗುತ್ತದೆ. ಹೆಗಲ ಮೇಲೆ ಟವೆಲ್, ಬಿಟ್ಟ ಸೆರಗು ಯಂತ್ರದ ಹತ್ತಿರ ಬರಲೇಬಾರದು.

ಅಂಗಡಿಯವರು ದುಡ್ಡು ವಾಪಸ್ ಕೊಡಲಿಲ್ಲ. ಬಿಲ್ ಕೂಡ ಬರೆದಿರಲಿಲ್ಲ. ಅದಕ್ಕೆ ಬೆಲ್ಟ್ ತರುವಾಗ ಬಿಲ್ ಕೇಳಿ ತಗೊಳ್ಳಿ. ಹಳೆ ಬೆಲ್ಟಿನ ಮೇಲೆ ಬಿ-52 ಅಂತಲೋ ಇನ್ನೊಂದೋ ನಂಬರ್ ಇರುತ್ತದೆ. ಬಿ ಅಂದರೆ ಮೇಲಿನ ಅಗಲ 17 ಮಿಲಿಮೀಟರ್, 52 ಅಂದರೆ ಒಳಗಿನ ಉದ್ದ ಇಂಚಿನಲ್ಲಿ. ಓಡಿ ಓಡಿ ಈ ನಂಬರ್ ಅಳಿಸಿ ಹೋಗುತ್ತದೆ, ಆಮೇಲೆ ಅಂಗಡಿಯವರು ಕೊಟ್ಟದ್ದೇ ಸೈಜ್. ಮಾವ ಈಗ ಅದನ್ನು ಕವರಿನ ಒಳಮೈಗೆ ಪೇಂಟಿನಲ್ಲಿ ಬರೆಸಿದ್ದಾರೆ. ನೀವೂ ಇವತ್ತೇ ಬರೆದಿಡಿ.