ಟಿಬಿ ಗುಳಿಗೆ ಶುರು ಮಾಡುವ ಮೊದಲು ಕಫದ ರಿಪೋರ್ಟ್ ಕೇಳಿ

ಎರಡು ವಾರ ದಾಟಿದ ಕೆಮ್ಮನ್ನು ಯಾರಾದರೂ 'ಬೀಡಿ ಕೆಮ್ಮು' ಅಂದರೆ ನಂಬಬೇಡಿ. ಕಫ ಪರೀಕ್ಷೆ ಮಾಡದೆ 'ಟಿಬಿ' ಅಂದರೂ ಅಷ್ಟು ಸುಲಭಕ್ಕೆ ಒಪ್ಪಬೇಡಿ. ನಮ್ಮ ಕಾಕಾನ ಕೆಮ್ಮಿಗೆ ಈ ಎರಡೂ ಹೆಸರು ಬಿದ್ದವು. ಇದ್ದದ್ದು ಶ್ವಾಸಕೋಶದ ಕ್ಯಾನ್ಸರ್. ಅದು ಗೊತ್ತಾಗುವ ಹೊತ್ತಿಗೆ ಆಪರೇಷನ್ ಮಾಡುವ ಹಂತ ದಾಟಿತ್ತು. ಕಾಕಾ ಈಗ ಇಲ್ಲ. ಇಳಕಲ್, ಹುನಗುಂದದ ಕಡೆ ಇದೇ ಥರ ತಿಂಗಳುಗಟ್ಟಲೆ ತಪ್ಪು ಗುಳಿಗೆ ನುಂಗುತ್ತಾ ಕೂತವರು ಇನ್ನೂ ಇರಬಹುದು ಅನ್ನೋ ಭಯಕ್ಕೆ ಇದನ್ನು ಬರೆಯುತ್ತಿದ್ದೇನೆ.

ಕಾಕಾ ಇಳಕಲ್ಲಿನಲ್ಲಿ ಗ್ರಾನೈಟ್ ಪಾಲಿಶ್ ಮಾಡುತ್ತಿದ್ದರು. ಹುಡುಗನಾಗಿದ್ದಾಗಿನಿಂದ ಬೀಡಿ ಸೇದುತ್ತಿದ್ದರು. ದೀಪಾವಳಿ ಮುಗಿದ ಮೇಲೆ ಒಣ ಕೆಮ್ಮು ಶುರುವಾಯಿತು. ಬೀಡಿ ಸೇದುವವರಿಗೆ ಬೆಳಿಗ್ಗೆ ಎದ್ದ ಕೂಡಲೇ ಕೆಮ್ಮು ಇದ್ದೇ ಇರುತ್ತದೆ, ಅಲ್ವಾ? ಕಾಕಾಗೂ ಇತ್ತು. ಆದರೆ ಈ ಕೆಮ್ಮೇ ಬೇರೆ ಇತ್ತು. ರಾತ್ರಿ ಮಲಗಲು ಬಿಡುತ್ತಿರಲಿಲ್ಲ. ಸದ್ದೂ ಬದಲಾಗಿತ್ತು. ಹಳೆಯ ಕೆಮ್ಮು ಇದ್ದವರಲ್ಲಿ ಈ ಬದಲಾವಣೆಯೇ ದೊಡ್ಡ ಸೂಚನೆ ಎಂದು ಆಮೇಲೆ ಕ್ಯಾನ್ಸರ್ ಡಾಕ್ಟರು ಹೇಳಿದರು. ನಮ್ಮೂರಿನ ದವಾಖಾನೆಯಲ್ಲಿ ಮಾತ್ರ ಪ್ರತಿ ಸಲವೂ ಒಂದೇ ಮಾತು: "ಬೀಡಿ ಬಿಡ್ರಿ, ತಾನ ಹೊಕ್ಕೈತಿ." ಒಂದು ಸೂಜಿ, ಒಂದು ಸಿರಪ್ಪು. ಎದೆಗೆ ಎಕ್ಸ್-ರೇ ಬರೆಯಲೇ ಇಲ್ಲ.

ಸಂಕ್ರಾಂತಿ ಹೊತ್ತಿಗೆ ಕಫದಲ್ಲಿ ರಕ್ತದ ಗೆರೆ ಕಾಣಿಸಿತು. ಕೆಮ್ಮಿ ಕೆಮ್ಮಿ ಗಂಟಲು ಹರಿದಿದೆ ಎಂದು ಅದನ್ನೂ ತೇಲಿಸಿಬಿಟ್ಟರು. ದಯವಿಟ್ಟು ಕೇಳಿ. ಕಫದಲ್ಲಿ ರಕ್ತ ಒಂದೇ ಒಂದು ಸಲ ಬಂದರೂ, ಅದು ಕೂದಲೆಳೆಯಷ್ಟಿದ್ದರೂ, ಎದೆಯ ಪರೀಕ್ಷೆ ಆಗಲೇಬೇಕು. ಟಿಬಿ ಇರಬಹುದು, ಬೇರೆ ಸೋಂಕು ಇರಬಹುದು, ಕ್ಯಾನ್ಸರ್ ಇರಬಹುದು. ಯಾವುದೇ ಇದ್ದರೂ ಸಿರಪ್ ಕುಡಿದು ಕಾಯುವ ವಿಷಯ ಅದಲ್ಲ.

ಆಮೇಲೆ ಪ್ಯಾಟಿಯ ಒಂದು ಖಾಸಗಿ ದವಾಖಾನೆಗೆ ಕರೆದುಕೊಂಡು ಹೋದೆವು. ಅಲ್ಲಿ ಎಕ್ಸ್-ರೇ ತೆಗೆದರು. ಎಡಗಡೆಯ ಶ್ವಾಸಕೋಶದ ಮೇಲ್ಭಾಗದಲ್ಲಿ ಬಿಳಿ ಕಲೆ. ನೋಡಿದ ಕೂಡಲೇ ಟಿಬಿ ಅಂದರು. ಅದೇ ದಿನ ಆರು ತಿಂಗಳ ಕೋರ್ಸಿನ ಗುಳಿಗೆ ಶುರು. ಕಫ ಪರೀಕ್ಷೆ ಇಲ್ಲ, ಸಿಟಿ ಸ್ಕ್ಯಾನ್ ಇಲ್ಲ.

ಟಿಬಿ ಅನುಮಾನ ಪಟ್ಟದ್ದು ತಪ್ಪು ಅಂತ ನಾನು ಹೇಳುವುದಿಲ್ಲ. ಕಲ್ಲಿನ ಧೂಳಿನಲ್ಲಿ ಸಿಲಿಕಾ ಇರುತ್ತದೆ. ಅದನ್ನು ವರ್ಷಗಟ್ಟಲೆ ಉಸಿರಾಡಿದವರಿಗೆ ಟಿಬಿ ತಗಲುವ ಸಾಧ್ಯತೆ ಜಾಸ್ತಿ. ನಮ್ಮ ಕಡೆ ಟಿಬಿ ಇರುವುದೂ ನಿಜ. ಆದರೆ ಅದೇ ಸಿಲಿಕಾ ಶ್ವಾಸಕೋಶದ ಕ್ಯಾನ್ಸರನ್ನೂ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1997ರಲ್ಲೇ ಹೇಳಿದೆ. ಅದರ ಮೇಲೆ ಬೀಡಿ ಬೇರೆ. ಟಿಬಿ ಕಲೆಯೂ ಕ್ಯಾನ್ಸರ್ ಗಡ್ಡೆಯೂ ಎಕ್ಸ್-ರೇಯಲ್ಲಿ ಒಂದೇ ಥರ ಕಾಣಬಹುದು. ಹೀಗಿರುವಾಗ ಬರೀ ಫಿಲ್ಮ್ ನೋಡಿ ಒಂದನ್ನೇ ಹಿಡಿದು ಕೂತದ್ದು, ಇನ್ನೊಂದರ ಹೆಸರನ್ನೂ ಎತ್ತದೇ ಇದ್ದದ್ದು ತಪ್ಪು.

ಟಿಬಿ ಹೌದೋ ಅಲ್ಲವೋ ನೋಡಲು ಕಫದ ಪರೀಕ್ಷೆ ಇದೆ. ಸರ್ಕಾರಿ ಆಸ್ಪತ್ರೆಯಲ್ಲಿ ಅದಕ್ಕೆ ಒಂದು ರೂಪಾಯಿಯೂ ಇಲ್ಲ. ಸಿಬಿನ್ಯಾಟ್ ಎಂಬ ಯಂತ್ರ ಎರಡು ಗಂಟೆಯ ಆಸುಪಾಸಿನಲ್ಲಿ ಫಲಿತಾಂಶ ಕೊಡುತ್ತದೆ. ಟಿಬಿಯ ಮುಖ್ಯ ಔಷಧವಾದ ರಿಫಾಂಪಿಸಿನ್ ಆ ರೋಗಿಗೆ ಕೆಲಸ ಮಾಡುತ್ತದೋ ಇಲ್ಲವೋ ಅನ್ನುವುದನ್ನೂ ಅದೇ ಹೇಳುತ್ತದೆ. ಕೆಲವರಿಗೆ ಕಫದಲ್ಲಿ ಟಿಬಿ ಸಿಗದೆ ಇದ್ದರೂ ಟಿಬಿ ಇರುತ್ತದೆ, ಅದು ಬೇರೆ ಮಾತು. ಅಂಥವರಿಗೆ ಗುಳಿಗೆ ಕೊಟ್ಟರೂ ಆಮೇಲೆ ಕಣ್ಣಿಟ್ಟು ನೋಡಬೇಕಾಗುತ್ತದೆ. ಕಾಕಾ ವಿಷಯದಲ್ಲಿ ಯಾರೂ ನೋಡಲಿಲ್ಲ.

ಗುಳಿಗೆ ನುಂಗಿದ ಮೇಲೆ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿತು. "ಔಷಧ ಹತ್ತಾಕತ್ತೈತಿ ನೋಡ್ರಿ" ಎಂದು ಅಲ್ಲಿನ ಕಂಪೌಂಡರ್ ಧೈರ್ಯ ಹೇಳಿದರು. ಅದು ರಿಫಾಂಪಿಸಿನ್ನಿನ ಬಣ್ಣ, ಅಷ್ಟೇ. ಟಿಬಿ ಇಲ್ಲದವರು ನುಂಗಿದರೂ ಹಾಗೇ ಬರುತ್ತದೆ. ನಿಜವಾದ ಟಿಬಿಗೆ ಸರಿಯಾದ ಗುಳಿಗೆ ಬಿದ್ದರೆ ಸಾಮಾನ್ಯವಾಗಿ ಕೆಲವೇ ವಾರಗಳಲ್ಲಿ ಜ್ವರ ಇಳಿಯುತ್ತದೆ, ಹಸಿವೆ ಆಗುತ್ತದೆ, ತೂಕ ಏರುತ್ತದೆ. ಕಾಕಾ ಇಳಿಯುತ್ತಲೇ ಹೋದರು. ಚಿಗವ್ವ ಅವರಿಗಿಷ್ಟದ ಎಣ್ಣೆಗಾಯಿ ಪಲ್ಯ, ಬಿಸಿ ರೊಟ್ಟಿ ಮುಂದಿಟ್ಟರೂ ಅರ್ಧ ರೊಟ್ಟಿಗೆ ಏಳುತ್ತಿದ್ದರು. "ಡಾಕ್ಟರ್ರ, ಆರಾಮ ಆಗವಲ್ದರೀ" ಎಂದು ಹೇಳಿದಾಗಲೆಲ್ಲ ಒಂದೇ ಉತ್ತರ ಬಂತು: "ಕೋರ್ಸ್ ಮುಗೀಲಿ." ಎರಡು ತಿಂಗಳಾದರೂ ಸುಧಾರಣೆ ಇಲ್ಲ ಅಂದರೆ ಮುಖ್ಯವಾಗಿ ಎರಡು ಸಾಧ್ಯತೆ. ಆ ಟಿಬಿ ಔಷಧಕ್ಕೆ ಬಗ್ಗದ ಟಿಬಿ, ಇಲ್ಲವೇ ಅದು ಟಿಬಿಯೇ ಅಲ್ಲ. ಎರಡಕ್ಕೂ ಬೇಕಾದದ್ದು ಹೊಸ ಪರೀಕ್ಷೆ. ಹಳೇ ಗುಳಿಗೆಯನ್ನೇ ಮುಂದುವರಿಸುವುದಲ್ಲ.

ಇದನ್ನು ಓದಿ ಯಾರೂ ತಾವಾಗಿಯೇ ಟಿಬಿ ಗುಳಿಗೆ ಬಿಡಬೇಡಿ. ಪರೀಕ್ಷೆಯಲ್ಲಿ ಟಿಬಿ ಖಾತ್ರಿಯಾದವರು ನಡುವೆ ಬಿಟ್ಟರೆ ರೋಗ ಇನ್ನಷ್ಟು ಹಟ ಹಿಡಿಯುತ್ತದೆ. ನಾನು ಹೇಳುತ್ತಿರುವುದು ರಿಪೋರ್ಟ್ ಕೇಳಿ ಅಂತ, ಇನ್ನೊಬ್ಬ ಡಾಕ್ಟರಿಗೆ ತೋರಿಸಿ ಅಂತ.

ಯುಗಾದಿ ಆದ ಮೇಲೆ ಕಾಕಾನ ದನಿ ಒಡೆಯಿತು. ಊರಿನ ಭಜನಾ ಮೇಳದಲ್ಲಿ ತತ್ವಪದ ಹಾಡುತ್ತಿದ್ದವರು. ಏರುದನಿ ಬರುತ್ತಲೇ ಇಲ್ಲ ಎಂದು ಮೇಳದವರೇ ಮೊದಲು ಗುರುತಿಸಿದರು. ಅದಕ್ಕೆ ಗಂಟಲಿನ ಔಷಧ ಕೊಟ್ಟರು. ಎಡ ಭುಜದಲ್ಲಿ ನೋವು ಬಂತು, ಅದಕ್ಕೆ ಮುಲಾಮು ಬರೆದರು. ಒಂದೊಂದು ತೊಂದರೆಗೆ ಒಂದೊಂದು ಚೀಟಿ. ಎಲ್ಲವನ್ನೂ ಕೂಡಿಸಿ ನೋಡಿದವರೇ ಇಲ್ಲ. ಎಡಗಡೆಯ ಧ್ವನಿಪೆಟ್ಟಿಗೆಯ ನರ ಎದೆಯೊಳಗೆ ಇಳಿದು, ಹೃದಯದ ದೊಡ್ಡ ರಕ್ತನಾಳವನ್ನು ಸುತ್ತಿ ಮತ್ತೆ ಗಂಟಲಿಗೆ ಏರುತ್ತದಂತೆ. ಎದೆಯೊಳಗಿನ ಗಡ್ಡೆ ಅದನ್ನು ಒತ್ತಿದರೆ ದನಿ ಹೋಗುತ್ತದೆ. ಗಂಟಲಲ್ಲಿ ಏನೂ ಇರುವುದಿಲ್ಲ! ಶ್ವಾಸಕೋಶದ ತುದಿಯಲ್ಲಿ ಗಡ್ಡೆ ಬೆಳೆದರೆ ಭುಜಕ್ಕೆ, ತೋಳಿಗೆ ನೋವು ಇಳಿಯುತ್ತದೆ. ಶ್ವಾಸಕೋಶದ ಒಳಗಡೆ ಗಡ್ಡೆ ಇದ್ದಾಗ ನೋವೇ ಗೊತ್ತಾಗುವುದಿಲ್ಲ, ಹೊರಗಿನ ಪೊರೆಗೋ ಪಕ್ಕೆಲುಬಿಗೋ ತಗುಲಿದಾಗಲೇ ನೋವು. ಅದಕ್ಕೇ ಈ ರೋಗ ಇಷ್ಟು ತಡವಾಗಿ ಸಿಕ್ಕಿಬೀಳುವುದು.

ಕಡೆಗೆ ಬಾಗಲಕೋಟೆಯಲ್ಲಿ ಒಬ್ಬ ಎದೆ ರೋಗದ ಡಾಕ್ಟರು ಕಾಕಾನ ಕೈ ಹಿಡಿದು ಮೊದಲು ಬೆರಳು ನೋಡಿದರು. ಬೆರಳ ತುದಿ ದಪ್ಪಗಾಗಿ ಉಗುರು ಉಬ್ಬಿತ್ತು. ನೀವೂ ಮನೆಯಲ್ಲಿ ನೋಡಬಹುದು. ಎರಡೂ ಕೈಯ ತೋರುಬೆರಳಿನ ಉಗುರುಗಳನ್ನು ಬೆನ್ನಿಗೆ ಬೆನ್ನು ತಾಗಿಸಿ ಹಿಡಿಯಿರಿ. ಉಗುರಿನ ಬುಡದಲ್ಲಿ ಸಣ್ಣದೊಂದು ಕಿಂಡಿ ಕಾಣಬೇಕು. ಆ ಕಿಂಡಿ ಮುಚ್ಚಿಹೋಗಿದ್ದರೆ ಡಾಕ್ಟರಿಗೆ ತೋರಿಸಿ. ಹೃದಯದ ತೊಂದರೆಯಲ್ಲೂ ಶ್ವಾಸಕೋಶದ ಬೇರೆ ರೋಗಗಳಲ್ಲೂ ಹೀಗಾಗುತ್ತದೆ, ಕ್ಯಾನ್ಸರ್ ಒಂದರಲ್ಲೇ ಅಲ್ಲ. ಆದರೆ ಸುಮ್ನೆ ಬಿಡುವಂಥದ್ದಲ್ಲ.

ಸಿಟಿ ಸ್ಕ್ಯಾನ್ ಆಯಿತು, ಗಡ್ಡೆಯಿಂದ ಸೂಜಿಯಲ್ಲಿ ಚೂರು ತೆಗೆದು ಬಯಾಪ್ಸಿ ಮಾಡಿದರು. "ಸೂಜಿ ಚುಚ್ಚಿದ್ರ ಗಡ್ಡಿ ಹರಡತೈತಿ, ಬ್ಯಾಡ" ಎಂದು ಸಂಬಂಧಿಕರು ಅಡ್ಡ ಬಂದರು. ಹಾಗೆ ಹರಡುವುದು ಬಹಳ ಅಪರೂಪ. ಬಯಾಪ್ಸಿ ಇಲ್ಲದೆ ಯಾವ ಜಾತಿಯ ಕ್ಯಾನ್ಸರ್, ಯಾವ ಔಷಧ ಎಂದು ಗೊತ್ತೇ ಆಗುವುದಿಲ್ಲ. ಹುಬ್ಬಳ್ಳಿಗೆ ಓಡಾಡಿ ಕೀಮೋ, ರೇಡಿಯೇಷನ್ ಕೊಡಿಸಿದೆವು. ನೋವು ಕಡಿಮೆಯಾಯಿತು, ರೋಗ ನಿಲ್ಲಲಿಲ್ಲ.

ಬೀಡಿ ಸೇದದವರು ಇದು ನಮಗಲ್ಲ ಅಂದುಕೊಳ್ಳಬೇಡಿ. ತಂಬಾಕಿನ ಹೊಗೆಯೇ ದೊಡ್ಡ ಕಾರಣ, ನಿಜ. ಆದರೆ ಕಾಕಾನ ಪಕ್ಕದ ಹಾಸಿಗೆಯಲ್ಲಿದ್ದ ಮುಧೋಳ ಕಡೆಯ ಅಜ್ಜಿ ಜನ್ಮದಲ್ಲಿ ಬೀಡಿ ಮುಟ್ಟಿದವರಲ್ಲ. ಮನೆಯವರು ಸೇದುವ ಹೊಗೆ, ಕಿಟಕಿ ಇಲ್ಲದ ಅಡುಗೆಮನೆಯಲ್ಲಿ ಕಟ್ಟಿಗೆ ಒಲೆಯ ಹೊಗೆ, ಇವುಗಳಿಂದಲೂ ಅಪಾಯ ಇದೆ. ಹೆಂಗಸರ ಕೆಮ್ಮನ್ನಂತೂ ಅಲರ್ಜಿ ಅಂತಲೇ ಮುಗಿಸಿಬಿಡುತ್ತಾರೆ. ಸೇದದವರಲ್ಲಿ ಬರುವ ಕೆಲವು ಬಗೆಯ ಕ್ಯಾನ್ಸರಿಗೆ ಜೀನ್ ಪರೀಕ್ಷೆ ಮಾಡಿ ಗುಳಿಗೆಯಲ್ಲೇ ಹಿಡಿತಕ್ಕೆ ತರುವ ಚಿಕಿತ್ಸೆ ಇದೆ. ಆ ಪರೀಕ್ಷೆಯ ಬಗ್ಗೆ ಬಾಯಿಬಿಟ್ಟು ಕೇಳಿ.

ಒಂದೇ ಜಾಗದಲ್ಲಿ ಮತ್ತೆ ಮತ್ತೆ ನ್ಯುಮೋನಿಯಾ ಆದರೆ, ಮುಖ ಮತ್ತು ಕುತ್ತಿಗೆ ಊದಿಕೊಂಡರೆ, ಕಾಲರ್ ಮೂಳೆಯ ಮೇಲೆ ಗಂಟು ಸಿಕ್ಕರೆ, ಮೊದಲಿಲ್ಲದ ಏದುಸಿರು ಬಂದರೆ ತಡ ಮಾಡಬೇಡಿ. ಎಕ್ಸ್-ರೇ ಚೆನ್ನಾಗಿದೆ ಅಂದರೂ ತೊಂದರೆ ನಿಲ್ಲದಿದ್ದರೆ ಸಿಟಿ ಸ್ಕ್ಯಾನ್ ಬೇಕೇ ಎಂದು ಕೇಳಿ. ಎಲುಬಿನ ಹಿಂದೆ, ಹೃದಯದ ಹಿಂದೆ ಅಡಗಿದ ಸಣ್ಣ ಗಡ್ಡೆ ಎಕ್ಸ್-ರೇಯಲ್ಲಿ ತಪ್ಪಿಹೋಗುತ್ತದೆ. ದುಡ್ಡಿಗೆ ಹೆದರಿ ನಿಲ್ಲಬೇಡಿ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಒಂದು ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ ರೆಫರಲ್ ಚೀಟಿ ಕೇಳಿ. ಬೀಡಿ, ಗುಟ್ಕಾ ಬಿಡಬೇಕು ಅನ್ನುವವರಿಗೆ 1800112356 ನಂಬರಿಗೆ ಫೋನ್ ಮಾಡಿದರೆ ಪುಕ್ಕಟೆ ಸಲಹೆ ಸಿಗುತ್ತದೆ.

ಇನ್ನೊಂದು ಮಾತು. ಬಾಗಲಕೋಟೆಯ ಡಾಕ್ಟರು ಮೊದಲು ಕೇಳಿದ್ದು ಹಳೇ ಎಕ್ಸ್-ರೇ. ಕಲೆ ಎಷ್ಟು ಬೆಳೆದಿದೆ ಎಂದು ಹೋಲಿಸಿ ನೋಡಲು ಅದು ಬೇಕಿತ್ತು. ಆ ಖಾಸಗಿ ದವಾಖಾನೆಯವರು ಫಿಲ್ಮ್ ತಮ್ಮಲ್ಲೇ ಇಟ್ಟುಕೊಂಡಿದ್ದರು. ಕೇಳಲು ಹೋದಾಗ ಹುಡುಕಿದರೂ ಸಿಗುತ್ತಿಲ್ಲ ಅಂದರು. ನಿಮ್ಮ ದಾಖಲೆ ಕೇಳುವುದು ನಿಮ್ಮ ಹಕ್ಕು. ಕೇಳಿದ 72 ಗಂಟೆಯೊಳಗೆ ಕೊಡಬೇಕು ಎಂದು ಭಾರತೀಯ ವೈದ್ಯಕೀಯ ಮಂಡಳಿಯ 2002ರ ನಿಯಮದಲ್ಲೇ ಇದೆ. ಎಕ್ಸ್-ರೇ ತೆಗೆಸಿದ ದಿನವೇ ಫಿಲ್ಮ್ ಇಸಿದುಕೊಳ್ಳಿ. ಅವರು ಕೊಡಲ್ಲ ಅಂದರೆ ಬರಹದಲ್ಲಿ ಅರ್ಜಿ ಕೊಟ್ಟು, ಅದರ ಇನ್ನೊಂದು ಪ್ರತಿಯ ಮೇಲೆ ಸಹಿ ಹಾಕಿಸಿಕೊಂಡು ಬನ್ನಿ.