ನೀರಿನ ಮೀಟರ್ ಹಾಕಿಸಿ ಆರು ತಿಂಗಳಾಯ್ತು

ಅರ್ಧ ಇಂಚಿನ ಹಿತ್ತಾಳೆ ಮೀಟರ್. ಟ್ಯಾಂಕಿನಿಂದ ಕೆಳಗಿಳಿಯುವ ಪೈಪಿಗೆ ಹಾಕಿಸಿದ್ದೇನೆ. ಬ್ಯಾಟರಿ ಇಲ್ಲ, ಆ್ಯಪ್ ಇಲ್ಲ. ನೀರು ಹರಿದರೆ ಚಕ್ರ ತಿರುಗುತ್ತದೆ, ಅಂಕಿ ಓಡುತ್ತದೆ, ಅಷ್ಟೇ. ಕಪ್ಪು ಅಂಕಿ ಒಂದು ಹೆಚ್ಚಾದರೆ ಸಾವಿರ ಲೀಟರ್ ಹೋಯಿತು ಅಂತ. ಕೆಂಪು ಅಂಕಿ ಬಿಡಿ ಲೀಟರುಗಳದ್ದು.

ನನಗೆ ತುಂಬಾ ಹಿಡಿಸಿದ್ದು ಡಯಲ್ ಮೇಲಿನ ಪುಟ್ಟ ಕೆಂಪು ನಕ್ಷತ್ರ. ಒಂದು ರಾತ್ರಿ ಎಲ್ಲ ನಲ್ಲಿ ಬಂದ್ ಮಾಡಿ, ಟಾರ್ಚ್ ಹಿಡಿದು ನೋಡಿದರೆ ಅದು ಮೆಲ್ಲಗೆ ತಿರುಗುತ್ತಲೇ ಇತ್ತು! ರಾತ್ರಿ 11ರಿಂದ ಬೆಳಗ್ಗೆ 6ರವರೆಗೆ 140 ಲೀಟರ್. ಕಮೋಡಿನ ಫ್ಲಶ್ ಟ್ಯಾಂಕಿನ ವಾಷರ್ ಸವೆದಿತ್ತು. ಒಬ್ಬರಿಗೆ ದಿನಕ್ಕೆ 50ರಿಂದ 100 ಲೀಟರ್ ಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅದಕ್ಕಿಂತ ಜಾಸ್ತಿ ಸುಮ್ನೆ ನಿದ್ದೆಯಲ್ಲೇ ಹೋಗಿತ್ತು.

ನಾನು ಡಿಗ್ರಿಯಲ್ಲಿ ಅರ್ಥಶಾಸ್ತ್ರ ಓದಿದವಳು. ನೀರಿಲ್ಲದೆ ಬದುಕಿಲ್ಲ, ಆದರೂ ನೀರು ಅಗ್ಗ; ವಜ್ರದಿಂದ ಉಪಯೋಗ ಅಷ್ಟಕ್ಕಷ್ಟೇ, ಬೆಲೆ ನೋಡಿದರೆ ತಲೆ ತಿರುಗುತ್ತದೆ. 1776ರಲ್ಲಿ ಆಡಂ ಸ್ಮಿತ್ ಎತ್ತಿದ ಒಗಟು ಇದು. 1871ರಲ್ಲಿ ಜೆವನ್ಸ್, ಮೆಂಗರ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಬೇರೆ ಬೇರೆಯಾಗಿ ಉತ್ತರ ಕೊಟ್ಟರು: ಬೆಲೆ ನಿಲ್ಲುವುದು ಒಟ್ಟು ನೀರಿನ ಉಪಯೋಗದ ಮೇಲಲ್ಲ, ಕೈಯಲ್ಲಿರುವ ಕೊನೆಯ ಬಕೆಟ್ಟಿನ ಉಪಯೋಗದ ಮೇಲೆ. ನೀರು ಬೇಕಾದಷ್ಟಿದ್ದರೆ ಆ ಕೊನೆಯ ಬಕೆಟ್ಟಿಗೆ ಬೆಲೆ ಕಡಿಮೆ; ವಜ್ರ ಅಪರೂಪ, ಅದಕ್ಕೇ ದುಬಾರಿ. 'ಸೀಮಾಂತ ತುಷ್ಟಿಗುಣ' ಅಂತ ಪರೀಕ್ಷೆಯಲ್ಲಿ ಬರೆದು ಅಂಕ ತಗೊಂಡಿದ್ದೆ, ಅರ್ಥವಾಗಿರಲಿಲ್ಲ.

ಅರ್ಥವಾಗಿದ್ದು ಮೋಟರ್ ಕೆಟ್ಟ ವಾರ. ನಾಲ್ಕು ಜನಕ್ಕೆ ದಿನಕ್ಕೆ 400 ಲೀಟರ್ ಹೋಗುತ್ತಿದ್ದದ್ದು ಮೂರನೇ ದಿನ 90ಕ್ಕೆ ಇಳಿಯಿತು. ಮೊದಲು ನಿಂತಿದ್ದು ಗಾಡಿ ತೊಳೆಯೋದು. ಆಮೇಲೆ ನೆಲ ಒರೆಸೋದು, ಆಮೇಲೆ ಬಟ್ಟೆ. ಕುಡಿಯೋ ನೀರು ಮಾತ್ರ ಒಂದು ಲೋಟವೂ ಕಡಿಮೆಯಾಗಲಿಲ್ಲ. ಗಾಡಿಗೆ ಸುರಿದ ಲೀಟರನ್ನೂ ಕುಡಿದ ಲೀಟರನ್ನೂ ಮೀಟರ್ ಒಂದೇ ಅಂತ ಎಣಿಸುತ್ತದೆ, ಅಲ್ವಾ? ಅದು ಮೀಟರಿನ ತಪ್ಪಲ್ಲ ಬಿಡಿ. ಬಿಲ್ಲಿನ ಕಥೆಯೂ ಅದೇ. ಅದರಲ್ಲಿರುವುದು ಹೆಚ್ಚಾಗಿ ನೀರನ್ನು ಎತ್ತಿ, ಶುದ್ಧ ಮಾಡಿ, ಪೈಪಿನಲ್ಲಿ ತಂದ ಖರ್ಚು.

ದೂರುಗಳೂ ಇವೆ. ಟ್ಯಾಂಕ್ ಖಾಲಿಯಾಗಿ ಮತ್ತೆ ತುಂಬಿದಾಗ ಪೈಪಿನೊಳಗಿನ ಗಾಳಿಯನ್ನೂ ನೀರು ಅಂತಲೇ ಎಣಿಸಿಬಿಡುತ್ತದೆ. ಒಳಗಿನ ಜಾಲರಿಯಲ್ಲಿ ಕಸ ಕಟ್ಟುತ್ತದೆ, ಆಗಾಗ ಬಿಚ್ಚಿ ತೊಳೆಯಬೇಕು. ಪ್ಲಂಬರ್ ಮೊದಲು ಬಾಣದ ಗುರುತು ನೋಡದೆ ಉಲ್ಟಾ ಕೂರಿಸಿದ್ದ. ಹಾಕುವಾಗ ಪಕ್ಕದಲ್ಲೇ ನಿಂತಿರಿ.

ನಾಲ್ಕು ಸ್ಟಾರ್ ಕೊಡುತ್ತೇನೆ. ಗಾಜಿನ ಒಳಗೆ ಆವಿ ಕಟ್ಟಿ ಬೆಳಗ್ಗೆ ಅಂಕಿಯೇ ಕಾಣುವುದಿಲ್ಲ, ಅದಕ್ಕೆ ಒಂದು ಕಟ್.