ಟ್ರಿಗರ್ ನೋಡಿ ಕೊಂಡ ರೈಫಲ್: ಸಿಝಡ್ 457 ಜೊತೆ ಒಂದು ವರ್ಷ

ರೈಫಲ್ ಕೊಳ್ಳುವ ಮೊದಲು ನಾಚಿಕೆ ಬಿಟ್ಟು ಒಂದು ಕೆಲಸ ಮಾಡಿದೆ. ಶೂಟಿಂಗ್ ರೇಂಜಿನಲ್ಲಿ ಯಾರ ಕೈಯಲ್ಲಿ .22 ಬೋಲ್ಟ್ ಆಕ್ಷನ್ (ಪ್ರತಿ ಗುಂಡಿಗೂ ಬೋಲ್ಟಿನ ಹಿಡಿಯನ್ನು ಕೈಯಲ್ಲೇ ಎಳೆದು ತಳ್ಳಬೇಕಾದ ಸಣ್ಣ ಗುಂಡಿನ ರೈಫಲ್) ಕಂಡರೂ ಹತ್ತಿರ ಹೋಗಿ, "ಸಾರ್, ಒಂದೈದು ಗುಂಡು ಹೊಡೆದು ನೋಡ್ಲಾ? ಗುಂಡು ನಂದೇ" ಅಂತ ಕೇಳುತ್ತಿದ್ದೆ. ಯಾರೂ ಇಲ್ಲ ಅನ್ನಲಿಲ್ಲ. ಹಾಗೆ ನಾಲ್ಕು ರೈಫಲ್ ಕೈಗೆ ಸಿಕ್ಕವು: ರೂಗರ್ ಅಮೆರಿಕನ್ ರಿಮ್‌ಫೈರ್, ಸ್ಯಾವೇಜ್ ಮಾರ್ಕ್ 2, ಟಿಕ್ಕಾ ಟಿ1ಎಕ್ಸ್, ಸಿಝಡ್ 457. ಕೊನೆಗೆ ಮನೆಗೆ ಬಂದದ್ದು 457, ದಪ್ಪ ಬ್ಯಾರಲ್ಲಿನ ವಾರ್ಮಿಂಟ್ ಮಾದರಿ. ಈ ಒಂದು ವರ್ಷದಲ್ಲಿ ಸುಮಾರು ನಾಲ್ಕು ಸಾವಿರ ಗುಂಡು ಹೊಡೆದಿದ್ದೇವೆ, ನಾನು ಮತ್ತು ನನ್ನ ಮಗಳು.

ನಮ್ಮ ಅಗತ್ಯ ಏನು ಅಂತ ಮೊದಲೇ ಹೇಳಿಬಿಡುತ್ತೇನೆ. ಭಾನುವಾರ ಬೆಳಿಗ್ಗೆ, 50 ಮೀಟರ್ ದೂರದ ಕಾಗದದ ಗುರಿ, ಬೆಂಚ್ ಮೇಲೆ ಊರಿಕೊಂಡು ಅಥವಾ ಮಲಗಿಕೊಂಡು. ಸ್ಪರ್ಧೆ ಇಲ್ಲ, ಬೇಟೆ ಇಲ್ಲ. ಇದಕ್ಕೆ .22 ಲಾಂಗ್ ರೈಫಲ್ ಬಿಟ್ಟು ಬೇರೆ ತೋಟಾ ಯೋಚಿಸುವ ಅಗತ್ಯವೇ ಇಲ್ಲ. 1887ರಿಂದ ಬಳಕೆಯಲ್ಲಿದೆ. ಭುಜಕ್ಕೆ ಒದೆಯುವುದಿಲ್ಲ, ಸದ್ದು ಕಡಿಮೆ, ಗುಂಡು ಅಗ್ಗ. ಅಗ್ಗ ಅನ್ನುವುದು ಸಣ್ಣ ಮಾತಲ್ಲ. ಜಾಸ್ತಿ ಹೊಡೆದವನಿಗೇ ಕೈ ಕೂರುವುದು.

ನಾಲ್ಕರಲ್ಲಿ ರೂಗರ್ ಮತ್ತು ಸ್ಯಾವೇಜ್ ಕಡಿಮೆ ಬೆಲೆಯವು. ರೂಗರ್‌ಗೆ ಅವರದೇ 10/22 ರೈಫಲ್ಲಿನ ಹತ್ತು ಗುಂಡಿನ ಮ್ಯಾಗಜೀನ್ ಹೊಂದುತ್ತದೆ, ಅದು ದೊಡ್ಡ ಅನುಕೂಲ. ಸ್ಟಾಕ್, ಅಂದರೆ ಭುಜಕ್ಕೆ ಊರುವ ಹಿಡಿಯ ಭಾಗ, ಪ್ಲಾಸ್ಟಿಕ್. ಮುಟ್ಟಿದರೆ ಹಗುರ ಅನ್ನಿಸುತ್ತದೆ, ಆದರೆ ಗುಂಡು ಹೇಳಿದ ಕಡೆ ಹೋಗುತ್ತದೆ. ಸ್ಯಾವೇಜ್‌ನಲ್ಲಿ ಟ್ರಿಗರಿನ ನಡುವೆ ಇನ್ನೊಂದು ತೆಳು ಪಟ್ಟಿ ಇರುತ್ತದೆ. ಬೆರಳು ಮೊದಲು ಅದನ್ನು ಒತ್ತಬೇಕು, ಆಮೇಲೆ ಟ್ರಿಗರ್. ಇದಕ್ಕೆ ಆಕ್ಯುಟ್ರಿಗರ್ ಅಂತಾರೆ. ಕೆಲವರಿಗೆ ಇದು ಪ್ರಾಣ, ನನ್ನ ಬೆರಳಿಗೆ ಒಗ್ಗಲಿಲ್ಲ. ಟಿಕ್ಕಾ ಬೋಲ್ಟ್ ಎಷ್ಟು ನುಣುಪು ಅಂದರೆ ಎಣ್ಣೆಯಲ್ಲಿ ಅದ್ದಿ ತೆಗೆದ ಹಾಗೆ. ದುಡ್ಡು ಇನ್ನೂ ಸ್ವಲ್ಪ ಇದ್ದಿದ್ದರೆ, ಮರದ ಸ್ಟಾಕಿನ ಮೋಹ ಸ್ವಲ್ಪ ಕಡಿಮೆ ಇದ್ದಿದ್ದರೆ, ಅದನ್ನೇ ತರುತ್ತಿದ್ದೆನೋ ಏನೋ.

457ರ ಬಗ್ಗೆ. ಚೆಕ್ ದೇಶದ ಈ ಕಂಪನಿ 452, 455 ಆದ ಮೇಲೆ 2019ರಲ್ಲಿ ಇದನ್ನು ತಂದಿತು. ಹಳೆಯದರಲ್ಲಿ ಬೋಲ್ಟ್ ಹಿಡಿಯನ್ನು 90 ಡಿಗ್ರಿ ಎತ್ತಬೇಕಿತ್ತು, ಇದರಲ್ಲಿ 60 ಸಾಕು. ಕಾಗದದ ಮೇಲೆ ಇದು ಬರೀ ಅಂಕಿ. ಸ್ಕೋಪ್ (ಗುರಿ ನೋಡುವ ದುರ್ಬೀನು) ಕೂರಿಸಿದ ಮೇಲೆ ಗೊತ್ತಾಗುತ್ತದೆ: ಬೋಲ್ಟ್ ಎತ್ತಿದಾಗ ಬೆರಳಿನ ಗೆಣ್ಣು ಸ್ಕೋಪಿಗೆ ತಾಗುವುದಿಲ್ಲ. ತಪ್ಪಿ ಗುಂಡು ಹಾರದಂತೆ ತಡೆಯುವ ಸೇಫ್ಟಿಯೂ ಬದಲಾಗಿದೆ. ಹಳೆಯದರಲ್ಲಿ ಗುಂಡು ಹೊಡೆಯಲು ಸೇಫ್ಟಿಯನ್ನು ಹಿಂದಕ್ಕೆ ಎಳೆಯಬೇಕಿತ್ತು, ಈಗ ಹೆಚ್ಚಿನ ರೈಫಲ್‌ಗಳ ಹಾಗೆ ಮುಂದಕ್ಕೆ ತಳ್ಳಬೇಕು. ಹಳೆಯದನ್ನು ಬಳಸಿದವರು ಮೊದಲ ದಿನ ಸ್ವಲ್ಪ ಎಚ್ಚರ ಇಟ್ಟುಕೊಳ್ಳಿ.

ಆದರೆ ನಾನು ಇದನ್ನು ಕೊಂಡದ್ದು ಟ್ರಿಗರಿಗಾಗಿ. ಮೊದಮೊದಲು ನಾನು ಕಲಿತದ್ದು ಯಾರದೋ ಹಳೇ ರೈಫಲ್ಲಿನಲ್ಲಿ. ಅದರ ಟ್ರಿಗರ್ ಎಳೆದರೆ ಒಳಗೆ ಮರಳು ಸೇರಿಕೊಂಡ ಹಾಗೆ ಕರಕರ ಅನ್ನುತ್ತಿತ್ತು. ಈಗ ಬಿತ್ತು, ಈಗ ಬಿತ್ತು ಅಂತ ಕಾಯುತ್ತಾ ಉಸಿರು ಮುಗಿದುಹೋಗುತ್ತಿತ್ತು. ಕೊನೆಗೆ ಸಿಟ್ಟಿನಲ್ಲಿ ಎಳೆದುಬಿಡುತ್ತಿದ್ದೆ, ಗುಂಡು ಕೆಳಗೆ ಬಲಕ್ಕೆ ಹೋಗುತ್ತಿತ್ತು. ಬ್ಯಾರಲ್ ಎಷ್ಟೇ ಚೆನ್ನಾಗಿರಲಿ, ಬೆರಳು ಮತ್ತು ಗುಂಡಿನ ನಡುವೆ ಇಂಥದ್ದೊಂದು ಜಗಳ ಇದ್ದರೆ ಏನು ಪ್ರಯೋಜನ? 457ರಲ್ಲಿ ಬೆರಳು ಇಟ್ಟು ಒತ್ತಡ ಹೆಚ್ಚಿಸುತ್ತಾ ಹೋದರೆ ಟ್ರಿಗರ್ ಅಲ್ಲಾಡಿದ್ದೇ ಗೊತ್ತಾಗುವುದಿಲ್ಲ. ಗಾಜಿನ ಕಡ್ಡಿ ಮುರಿದ ಹಾಗೆ ಟಕ್ ಅಂತ ಬೀಳುತ್ತದೆ, ಅಷ್ಟೆ. ಸ್ಟಾಕ್ ಬಿಚ್ಚಿದರೆ ಒಳಗೆ ಸಣ್ಣ ಸ್ಕ್ರೂಗಳಿವೆ, ಒಂದು ಮಿತಿಯೊಳಗೆ ಹಗುರ ಮಾಡಿಕೊಳ್ಳಬಹುದು. ನಾನು ಸ್ವಲ್ಪ ಮಾತ್ರ ಇಳಿಸಿದೆ. ಇಳಿಸಿದ ಮೇಲೆ ರೈಫಲ್ ಖಾಲಿ ಅಂತ ಎರಡು ಸಲ ನೋಡಿ, ಬೋಲ್ಟ್ ಮುಚ್ಚಿ, ಹಿಂಭಾಗವನ್ನು ನೆಲದ ಮ್ಯಾಟಿನ ಮೇಲೆ ಕುಟ್ಟಿ ನೋಡಿದೆ. ತಾನಾಗಿ ಬೀಳಲಿಲ್ಲ. ಈ ಪರೀಕ್ಷೆ ಮಾಡದೆ ಯಾರೂ ಟ್ರಿಗರ್ ಹಗುರ ಮಾಡಬೇಡಿ.

ಕೊರತೆ ಇಲ್ಲವಾ? ಇದೆ. ಜೊತೆಗೆ ಬರುವ ಮ್ಯಾಗಜೀನ್ ಐದೇ ಗುಂಡಿನದು, ಹತ್ತರದ್ದು ಬೇರೆ ಕೊಳ್ಳಬೇಕು. ಈ ಮಾದರಿಗೆ ಬ್ಯಾರಲ್ ಮೇಲೆ ಗುರಿ ಹಿಡಿಯುವ ಕಬ್ಬಿಣದ ಸೈಟ್ ಇಲ್ಲ, ಸ್ಕೋಪ್ ಹಾಕಲೇಬೇಕು. ಅಂದರೆ ಖರ್ಚು ಅಲ್ಲಿಗೆ ನಿಲ್ಲುವುದಿಲ್ಲ. ಮೂರು ಕೆಜಿಗೂ ಜಾಸ್ತಿ ತೂಕ. ಬೆಂಚ್ ಮೇಲೆ ಈ ತೂಕ ವರ, ನಿಂತು ಹೊಡೆಯುವವರಿಗೆ ಹತ್ತೇ ನಿಮಿಷದಲ್ಲಿ ತೋಳು ಬಿದ್ದುಹೋಗುತ್ತದೆ. ಸ್ಟಾಕಿನ ಉದ್ದವೂ ದೊಡ್ಡವರ ಅಳತೆಯದು. ಮಗಳು ಹದಿನಾಲ್ಕರವಳು, ಅವಳ ಕೆನ್ನೆ ಸರಿಯಾದ ಜಾಗಕ್ಕೆ ಬರಬೇಕಾದರೆ ಕುತ್ತಿಗೆ ಚಾಚಬೇಕು. ರೂಗರ್‌ನಲ್ಲಿ ಕೆನ್ನೆ ಊರುವ ಭಾಗವನ್ನೇ ಬದಲಿಸಿಕೊಳ್ಳಬಹುದು. ಮಕ್ಕಳಿಗಾಗಿಯೇ ಕೊಳ್ಳುವವರು ಅದನ್ನು ಮೊದಲು ನೋಡಿ.

ಸ್ಕೋಪಿನ ಕಥೆ ಹೇಳಲೇಬೇಕು. ಮೊದಲ ಭಾನುವಾರ ಒಂದು ಗುಂಡು ಮೇಲೆ, ಒಂದು ಎಡಕ್ಕೆ. ಸ್ಕೋಪ್ ತಿರುಗಿಸಿದೆ, ಮತ್ತೆ ತಿರುಗಿಸಿದೆ. ನೂರು ಗುಂಡು ಖಾಲಿ. ಈ ರೈಫಲ್ಲೇ ಸರಿ ಇಲ್ಲ ಅಂತ ತೀರ್ಮಾನಕ್ಕೂ ಬಂದಿದ್ದೆ. ಪಕ್ಕದ ಬೆಂಚಿನ ಹಿರಿಯರೊಬ್ಬರು ಅಷ್ಟು ಹೊತ್ತೂ ಸುಮ್ನೆ ನೋಡುತ್ತಿದ್ದರು. "ಸ್ವಲ್ಪ ನಿಲ್ಲಿ. ಅದನ್ನ ಮುಟ್ಟಿ ನೋಡಿದ್ರಾ?" ಅಂದರು. ಎರಡು ಬೆರಳಿನಲ್ಲಿ ಸ್ಕೋಪ್ ಹಿಡಿದು ಅಲ್ಲಾಡಿಸಿದರು. ಹಲ್ಲು ಅಲ್ಲಾಡಿದ ಹಾಗೆ ಅಲ್ಲಾಡಿತು. ಸ್ಕೋಪನ್ನು ಹಿಡಿದಿಡುವ ರಿಂಗಿನ ಸ್ಕ್ರೂ ನಾನೇ ಬಿಗಿ ಮಾಡಿರಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಅಲ್ವಾ? ಅವರು ನಗಲಿಲ್ಲ, ಅದೊಂದು ಪುಣ್ಯ. ಸ್ಕೋಪ್ ಕೊಳ್ಳುವಾಗ ಇನ್ನೊಂದು ನೋಡಿ: ಪ್ಯಾರಲಾಕ್ಸ್ (ಕಣ್ಣು ಸರಿದರೆ ಗುರಿ ಸರಿದಂತೆ ಕಾಣುವುದು) ಹತ್ತಿರದ ದೂರಕ್ಕೆ ಹೊಂದಿಸಿರುವ, ಇಂಥ .22 ರೈಫಲ್ಲಿಗೇ ಅಂತ ಮಾಡಿದ ರಿಮ್‌ಫೈರ್ ಸ್ಕೋಪೇ ಇರಲಿ, ಇಲ್ಲವೇ ಹೊಂದಿಸಿಕೊಳ್ಳುವ ತಿರುಪು ಇರಲಿ. ದೊಡ್ಡ ರೈಫಲ್ಲಿನ ಸ್ಕೋಪ್ ಹಾಕಿದರೆ 50 ಮೀಟರಿನಲ್ಲಿ ಕಣ್ಣು ಸರಿದಂತೆಲ್ಲ ಗುರಿಯೂ ಸರಿಯುತ್ತದೆ.

ಇನ್ನು ಗುಂಡು. ಒಂದೇ ಕಾರ್ಖಾನೆಯ, ಒಂದೇ ಮಾದರಿಯ ಎರಡು ರೈಫಲ್ ಇದ್ದರೂ ಒಂದಕ್ಕೆ ಹಿಡಿಸಿದ ಗುಂಡು ಇನ್ನೊಂದಕ್ಕೆ ಹಿಡಿಸದೇ ಇರಬಹುದು. ಗಾಳಿ ಇಲ್ಲದ ಒಂದು ಬೆಳಿಗ್ಗೆ ಐದು ಬಗೆಯ ಗುಂಡು ತಂದು, ಪ್ರತಿಯೊಂದರಲ್ಲೂ ಐದೈದು ಗುಂಡಿನ ಐದು ಗ್ರೂಪ್ (ಒಂದೇ ಕಡೆ ಗುರಿಯಿಟ್ಟು ಹೊಡೆದ ತೂತುಗಳ ಗುಂಪು) ಹೊಡೆದೆ. ಬಗೆ ಬದಲಿಸಿದಾಗಲೆಲ್ಲ ಮೊದಲ ಹದಿನೈದು ಗುಂಡು ಲೆಕ್ಕಕ್ಕೆ ಹಿಡಿಯಲಿಲ್ಲ, ಯಾಕೆಂದರೆ ಗುಂಡಿನ ಮೇಲಿನ ಮೇಣ ಬ್ಯಾರಲ್ಲಿನ ಒಳಗೆ ಹೊಸದಾಗಿ ಹತ್ತಿಕೊಳ್ಳಬೇಕು. ಆಮೇಲೆ ವರ್ನಿಯರ್ ಹಿಡಿದು ಅಡುಗೆಮನೆ ಮೇಜಿನ ಮೇಲೆ ಅಳತೆ. ತೀರಾ ದೂರದ ಎರಡು ತೂತುಗಳ ಹೊರ ಅಂಚಿನಿಂದ ಹೊರ ಅಂಚಿಗೆ ಅಳೆದು, ಗುಂಡಿನ ಅಗಲ 5.6 ಮಿಲಿಮೀಟರ್ ಕಳೆಯುವುದು. ಎಲ್ಲಕ್ಕಿಂತ ದುಬಾರಿ ಡಬ್ಬಿಯ ಸರಾಸರಿ 14 ಮಿಲಿಮೀಟರ್. ಜರ್ಮನಿಯ ಎಸ್‌ಕೆ ಸ್ಟ್ಯಾಂಡರ್ಡ್ ಪ್ಲಸ್ 12. ಸಗಟಿನಲ್ಲಿ ಸಿಗುವ ಒಂದು ವೇಗದ ಗುಂಡು 31! ಅದೇ ಡಬ್ಬಿಯಲ್ಲಿ ಒಂದು ಗುಂಡು ಹಾರಲೂ ಇಲ್ಲ. ಹಾಗಾದಾಗ ಬೋಲ್ಟ್ ತಕ್ಷಣ ಎಳೆಯಬಾರದು. ಗುರಿಯ ಕಡೆಗೇ ಹಿಡಿದು ಅರ್ಧ ನಿಮಿಷ ಕಾಯಬೇಕು, ತಡವಾಗಿ ಹಾರುವುದೂ ಉಂಟು.

ಹೋಲಿಕೆಗೆ ಹೇಳುವುದಾದರೆ, ಒಲಿಂಪಿಕ್ಸ್‌ನ 50 ಮೀಟರ್ ರೈಫಲ್ ಗುರಿಯಲ್ಲಿ ಹತ್ತು ಅಂಕದ ವೃತ್ತದ ಅಗಲ 10.4 ಮಿಲಿಮೀಟರ್. ಭಾನುವಾರದ ಶೂಟರ್‌ಗೆ 12 ಅಂದರೆ ಬೇಕಾದಷ್ಟಾಯಿತು.

ವೇಗ ಜಾಸ್ತಿ ಇದ್ದರೆ ಒಳ್ಳೆಯದು ಅಂತ ನಾನೂ ಅಂದುಕೊಂಡಿದ್ದೆ. ಸ್ಟ್ಯಾಂಡರ್ಡ್ ಗುಂಡು ಸೆಕೆಂಡಿಗೆ ಸುಮಾರು 325 ಮೀಟರ್ ಹೋಗುತ್ತದೆ, ಶಬ್ದದ ವೇಗಕ್ಕಿಂತ ಸ್ವಲ್ಪ ಕೆಳಗೆ. ವೇಗದ ಗುಂಡು ಶಬ್ದವನ್ನು ಮೀರಿ ಹೊರಟು, ದಾರಿಯಲ್ಲಿ ಮತ್ತೆ ಅದರ ಕೆಳಗೆ ಇಳಿಯುತ್ತದೆ. ಆ ಇಳಿಯುವಾಗಲೇ ಗುಂಡು ಕದಲುವುದು. ಕಾಗದಕ್ಕೆ ನಿಧಾನದ ಗುಂಡೇ ಸರಿ. 100 ಮೀಟರಿಗೆ ಹೊಡೆಯುವುದಾದರೆ ಮಾತ್ರ ನೆನಪಿಡಿ, 50ಕ್ಕೆ ಹೊಂದಿಸಿದ ಗುಂಡು ಅಲ್ಲಿ 15 ಸೆಂಟಿಮೀಟರಿಗೂ ಜಾಸ್ತಿ ಕೆಳಗೆ ಬೀಳುತ್ತದೆ.

ಬ್ಯಾರಲ್ ಪದೇ ಪದೇ ತೊಳೆಯುವುದಿಲ್ಲ. ತೊಳೆದರೆ ಮತ್ತೆ ಹದಕ್ಕೆ ಬರಲು ಗುಂಡು ದಂಡ. ಮನೆಯಲ್ಲಿ ಖಾಲಿ ಟ್ರಿಗರ್ ಎಳೆದು ಅಭ್ಯಾಸ ಮಾಡುವಾಗ ಸ್ನ್ಯಾಪ್ ಕ್ಯಾಪ್ (ಅಭ್ಯಾಸದ ನಕಲಿ ಗುಂಡು) ಹಾಕುತ್ತೇನೆ. ಗುಂಡು ಸೀಸದ್ದು, ರೇಂಜಿನಿಂದ ಬಂದ ಕೂಡಲೇ ಕೈ ತೊಳೆಯದೆ ಏನೂ ತಿನ್ನಬೇಡಿ. ಮಗಳಿಗೆ ಇದನ್ನು ಮಾತ್ರ ಪ್ರತಿ ವಾರ ನೆನಪಿಸಬೇಕು.

ಗುಂಡು ಹೊಂದಿತು ಅಂತ ಗೊತ್ತಾದ ಮೇಲೆ ಡಬ್ಬಿಯ ಮೇಲಿನ ಲಾಟ್ ನಂಬರ್ (ಒಂದೇ ಸಲ ತಯಾರಾದ ಗುಂಡುಗಳ ಗುರುತು ಸಂಖ್ಯೆ) ಬರೆದಿಟ್ಟುಕೊಳ್ಳಿ. ಲಾಟ್ ಬದಲಾದರೆ ಗ್ರೂಪೂ ಬದಲಾಗುತ್ತದೆ. ನಾನು ಅಂಗಡಿಗೆ ಓಡಿ, ಅದೇ ಲಾಟಿನದು ಇದ್ದಷ್ಟೂ ತಂದೆ. ಈಗ ಮೂರು ಡಬ್ಬಿ ಉಳಿದಿವೆ. ಬೀರುವಿನ ಬೀಗದೊಳಗೆ, ಹಿಂದಿನ ಸಾಲಿನಲ್ಲಿ. ಮಗಳಿಗೆ ಇನ್ನೂ ಹೇಳಿಲ್ಲ.